ಶಹಾಬಾದ ಸೀಮೆಯಲ್ಲಿ ಮಾರಾಟ ತೆರಿಗೆ: ನೋಂದಣಿ ಮತ್ತು ರಿಟರ್ನ್

ಕಲಬುರಗಿ ಜಿಲ್ಲೆಯ ಶಹಾಬಾದ, ಚಿತ್ತಾಪುರ, ವಾಡಿ, ಸೇಡಂ ಮತ್ತು ಚಿಂಚೋಳಿ ಭಾಗದ ವ್ಯಾಪಾರ ನಡೆಯುವುದು ಮುಖ್ಯವಾಗಿ ಮೂರು ಸರಕುಗಳ ಮೇಲೆ: ನೆಲಕ್ಕೆ ಹಾಸುವ ಫರ್ಸಿ ಕಲ್ಲು, ಸಿಮೆಂಟ್ ಮತ್ತು ತೊಗರಿ. ಈ ಸರಕನ್ನು ಮಾರುವವರು ಸರ್ಕಾರದಲ್ಲಿ ಹೆಸರು ನೋಂದಾಯಿಸಿ, ಕಾಲಕಾಲಕ್ಕೆ ಲೆಕ್ಕ ಒಪ್ಪಿಸಿ ತೆರಿಗೆ ಕಟ್ಟುವ ವ್ಯವಸ್ಥೆ ಇಲ್ಲಿ 1950ರಿಂದ ಒಂದಲ್ಲ ಒಂದು ಕಾಯ್ದೆಯಡಿ ನಡೆದುಬಂದಿದೆ. 2017ರ ಜುಲೈ 1ರಿಂದ ಅದು ಸರಕು ಮತ್ತು ಸೇವಾ ತೆರಿಗೆ, ಅಂದರೆ ಜಿಎಸ್‌ಟಿ. ನೋಂದಣಿಯ ಮಾತು ಬಂದಾಗ ವ್ಯಾಪಾರಿಗಳು ಮೊದಲು ಕೇಳುವುದು ವಾರ್ಷಿಕ ವಹಿವಾಟಿನ ಮಿತಿಯನ್ನು. ತೆಲಂಗಾಣದ ಗಡಿಗೆ ಅಂಟಿಕೊಂಡ ಈ ಸೀಮೆಯಲ್ಲಿ ಮಾತ್ರ ಸರಕು ಗಡಿ ದಾಟಿತೇ, ಕಲ್ಲಿಗೆ ಹೊಳಪು ಕೊಟ್ಟಾಗಿದೆಯೇ, ಬೇಳೆ ಪ್ಯಾಕೆಟ್ಟಿನಲ್ಲಿದೆಯೇ ಎಂಬ ಪ್ರಶ್ನೆಗಳೂ ಅಷ್ಟೇ ನಿರ್ಣಾಯಕ.

ವ್ಯಾಪಾರದ ಹಿನ್ನೆಲೆ

ಭೀಮಾ ಜಲಾನಯನದ ಪ್ರಾಚೀನ ಸುಣ್ಣಕಲ್ಲಿನ ಪದರಗಳು ಈ ಭಾಗದ ಆರ್ಥಿಕತೆಯ ಬುನಾದಿ. ತೆಳುವಾದ ಹಾಳೆಗಳಾಗಿ ಏಳುವ ಕಲ್ಲು ಖಣಿಯಿಂದ ಬಂದು ಫರ್ಸಿಯಾಗುತ್ತದೆ. ಶಹಾಬಾದ ಕಲ್ಲು ಎಂಬ ಹೆಸರಿನಲ್ಲಿ ಅದು ಮುಂಬೈವರೆಗೂ ಮಾರಾಟವಾಗುತ್ತದೆ. ಅದೇ ಪದರ ಗಡಿಯಾಚೆಯ ತಾಂಡೂರಿನಲ್ಲಿ ತಾಂಡೂರು ಕಲ್ಲಾಗಿದೆ. ದಪ್ಪ ಪದರಗಳು ಸಿಮೆಂಟ್ ಕಾರ್ಖಾನೆಗಳನ್ನು ಕರೆತಂದವು. 1968ರಲ್ಲಿ ಆರಂಭವಾದ ವಾಡಿಯ ಎಸಿಸಿ, ಮಳಖೇಡದ ರಾಜಶ್ರೀ, ಸೇಡಂನ ವಾಸವದತ್ತಾ, ಕೋಡ್ಲಾದ ಶ್ರೀ ಸಿಮೆಂಟ್, ಚಿತ್ತಾಪುರ ತಾಲ್ಲೂಕಿನ ಇಟಗಾದ ಓರಿಯಂಟ್, ಚಿಂಚೋಳಿ ತಾಲ್ಲೂಕಿನ ಚೆಟ್ಟಿನಾಡ್ ಮತ್ತು ಕಲಬುರಗಿ ಸಿಮೆಂಟ್ ಕಾರ್ಖಾನೆಗಳು ಈ ಸಾಲಿನಲ್ಲಿವೆ. ಕಾರ್ಖಾನೆಗಳ ಸುತ್ತ ಲಾರಿ ಮಾಲೀಕರು, ಬಿಡಿಭಾಗದ ಅಂಗಡಿಗಳು, ಗ್ಯಾರೇಜು, ಖಾನಾವಳಿ, ಸಣ್ಣ ಗುತ್ತಿಗೆದಾರರು ಬೆಳೆದಿದ್ದಾರೆ. ದೊಡ್ಡ ಕಂಪನಿಗಳಿಗೆ ತೆರಿಗೆಯ ಲೆಕ್ಕ ನೋಡುವ ಪ್ರತ್ಯೇಕ ವಿಭಾಗಗಳಿರುತ್ತವೆ. ನೋಂದಣಿ ಮತ್ತು ರಿಟರ್ನ್‌ನ ದಿನನಿತ್ಯದ ತೊಡಕು ಇರುವುದು ಉಳಿದವರಿಗೆ.

ಇತಿಹಾಸ

ಸರಕಿನ ಮೇಲಿನ ಸುಂಕ ಈ ನೆಲಕ್ಕೆ ಹೊಸದಲ್ಲ. ಕಲ್ಯಾಣದ ಚಾಲುಕ್ಯರ ಶಾಸನಗಳಲ್ಲಿ ಹೆಜ್ಜುಂಕ, ವಡ್ಡರಾವುಳ, ಬಿಲ್ಕೊಡೆ ಎಂಬ ತೆರಿಗೆಗಳೂ ಸುಂಕವೆರ್ಗಡೆ ಎಂಬ ಅಧಿಕಾರಿಯೂ ಮತ್ತೆಮತ್ತೆ ಕಾಣಿಸುತ್ತಾರೆ. ನಿಜಾಮರ ಆಳ್ವಿಕೆಯಲ್ಲಿ ಸಂಸ್ಥಾನದ ಗಡಿ ದಾಟುವ ಸರಕಿನ ಮೇಲೆ ಕರೋಡಗಿರಿ ಇಲಾಖೆ ಸುಂಕ ವಸೂಲು ಮಾಡುತ್ತಿತ್ತು. ವಾಡಿ ಜಂಕ್ಷನ್‌ನಲ್ಲಿ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಗೆ ನಿಜಾಮರ ರೈಲ್ವೆ 1874ರಲ್ಲಿ ಬಂದು ಕೂಡಿದ ಮೇಲೆ ಈ ಭಾಗ ಸಂಸ್ಥಾನದ ವ್ಯಾಪಾರಕ್ಕೆ ಪಶ್ಚಿಮದ ಬಾಗಿಲಾಯಿತು.

ಮಾರಾಟದ ಮೇಲಿನ ಸಾಮಾನ್ಯ ತೆರಿಗೆ ದಕ್ಷಿಣ ಭಾರತದಲ್ಲಿ ಮದ್ರಾಸ್ ಪ್ರಾಂತದ 1939ರ ಕಾಯ್ದೆಯಿಂದ ಶುರುವಾಯಿತು. ಹೈದರಾಬಾದ್ ಸಂಸ್ಥಾನ ಭಾರತದಲ್ಲಿ ವಿಲೀನವಾದ ಮೇಲೆ ಹೈದರಾಬಾದ್ ಸಾಮಾನ್ಯ ಮಾರಾಟ ತೆರಿಗೆ ಕಾಯ್ದೆ, 1950 ಇಲ್ಲಿಗೆ ಅನ್ವಯಿಸಿತು. 1956ರ ನವೆಂಬರ್ 1ರಂದು ಗುಲ್ಬರ್ಗಾ (ಇಂದಿನ ಕಲಬುರಗಿ) ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದಾಗ ರಾಜ್ಯದ ಒಂದೊಂದು ಭಾಗದಲ್ಲಿ ಒಂದೊಂದು ಮಾರಾಟ ತೆರಿಗೆ ಕಾನೂನಿತ್ತು. 1957ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ಮೈಸೂರು ಮಾರಾಟ ತೆರಿಗೆ ಕಾಯ್ದೆ ಅವನ್ನೆಲ್ಲ ಒಂದುಗೂಡಿಸಿತು. ಅದೇ ಮುಂದೆ ಕರ್ನಾಟಕ ಮಾರಾಟ ತೆರಿಗೆ ಕಾಯ್ದೆ ಎನಿಸಿತು. ಆ ಕಾಲದಲ್ಲಿ ವರ್ತಕ ಕಿರ್ದಿ, ಖಾತೆ ಪುಸ್ತಕಗಳನ್ನು ಹೊತ್ತು ಅಧಿಕಾರಿಯ ಮುಂದೆ ಹಾಜರಾಗಬೇಕಿತ್ತು. ತೆರಿಗೆ ಎಷ್ಟೆಂದು ನಿರ್ಧರಿಸುತ್ತಿದ್ದವರು ಅಧಿಕಾರಿಯೇ.

2005ರ ಏಪ್ರಿಲ್ 1ರಿಂದ ಕರ್ನಾಟಕ ಮೌಲ್ಯವರ್ಧಿತ ತೆರಿಗೆ ಕಾಯ್ದೆ, 2003 ಜಾರಿಗೆ ಬಂತು. ಖರೀದಿಯಲ್ಲಿ ಕಟ್ಟಿದ ತೆರಿಗೆಯನ್ನು ಮಾರಾಟದ ತೆರಿಗೆಯಲ್ಲಿ ಕಳೆದುಕೊಳ್ಳುವ ಅವಕಾಶವನ್ನೂ, ವರ್ತಕ ತನ್ನ ತೆರಿಗೆಯನ್ನು ತಾನೇ ಲೆಕ್ಕ ಹಾಕಿ ಘೋಷಿಸುವ ಪದ್ಧತಿಯನ್ನೂ ಇದು ತಂದಿತು. 29ರಿಂದ ಶುರುವಾಗುವ 11 ಅಂಕಿಯ ಟಿನ್ ಸಂಖ್ಯೆ, ತಿಂಗಳ 20ರೊಳಗೆ ಸಲ್ಲಿಸುವ ವ್ಯಾಟ್-100 ರಿಟರ್ನ್, ಸರಕು ಹೊರಡುವ ಮುನ್ನ ಆನ್‌ಲೈನಿನಲ್ಲಿ ಪಡೆಯುವ ಇ-ಸುಗಮ್ ಸಂಖ್ಯೆ ಆ ಕಾಲದ ಗುರುತುಗಳು. ನೋಂದಣಿಯ ವಹಿವಾಟು ಮಿತಿ ಮೊದಲು 2 ಲಕ್ಷ ರೂಪಾಯಿ ಇದ್ದು, ಹಂತಹಂತವಾಗಿ 10 ಲಕ್ಷಕ್ಕೆ ಏರಿತು. ಹೊರರಾಜ್ಯದ ಮಾರಾಟಕ್ಕೆ 1956ರ ಕೇಂದ್ರ ಮಾರಾಟ ತೆರಿಗೆ ಕಾಯ್ದೆ ಬೇರೆಯೇ ಇತ್ತು. ಹೊರರಾಜ್ಯದ ಖರೀದಿದಾರ ಸಿ-ಫಾರಂ ಕೊಟ್ಟರೆ ಕಡಿಮೆ ದರ. ಆ ದರ 2007ರಲ್ಲಿ ಶೇ 4ರಿಂದ 3ಕ್ಕೆ, 2008ರಲ್ಲಿ ಶೇ 2ಕ್ಕೆ ಇಳಿಯಿತು. ಫಾರಂ ಬಾರದಿದ್ದರೆ ಬಾಕಿ ತೆರಿಗೆ ಮಾರಿದವನ ತಲೆಗೇ ಬರುತ್ತಿದ್ದುದರಿಂದ ಕಲ್ಲಿನ ವ್ಯಾಪಾರಿಗಳಿಗೆ ಫಾರಂ ತರಿಸಿಕೊಳ್ಳುವುದೇ ಒಂದು ಕೆಲಸವಾಗಿತ್ತು.

ಸಂವಿಧಾನದ 101ನೇ ತಿದ್ದುಪಡಿ 2016ರಲ್ಲಿ ಕೇಂದ್ರ ಮತ್ತು ರಾಜ್ಯ ಎರಡಕ್ಕೂ ಒಂದೇ ವಹಿವಾಟಿನ ಮೇಲೆ ತೆರಿಗೆ ಹಾಕುವ ಅಧಿಕಾರ ಕೊಟ್ಟಿತು. ಅದರಂತೆ ಕರ್ನಾಟಕ ಸರಕು ಮತ್ತು ಸೇವಾ ತೆರಿಗೆ ಕಾಯ್ದೆ, 2017 ರೂಪುಗೊಂಡಿತು. ರಾಜ್ಯದೊಳಗಿನ ಮಾರಾಟದಲ್ಲಿ ತೆರಿಗೆ ಕೇಂದ್ರ ಮತ್ತು ರಾಜ್ಯಕ್ಕೆ ಸಮಪಾಲು. ಹೊರರಾಜ್ಯದ ಮಾರಾಟದಲ್ಲಿ ಒಂದೇ ಸಂಯೋಜಿತ ತೆರಿಗೆ, ಐಜಿಎಸ್‌ಟಿ. ಆಡಳಿತದ ಹಂಚಿಕೆಯಲ್ಲಿ 1.5 ಕೋಟಿ ರೂಪಾಯಿವರೆಗಿನ ವಹಿವಾಟಿನ ವ್ಯಾಪಾರಿಗಳಲ್ಲಿ ಶೇ 90ರಷ್ಟು ಮಂದಿ ರಾಜ್ಯದ ವಾಣಿಜ್ಯ ತೆರಿಗೆಗಳ ಇಲಾಖೆಗೆ, ಉಳಿದವರು ಕೇಂದ್ರಕ್ಕೆ ಸೇರುತ್ತಾರೆ. ಅದಕ್ಕೂ ದೊಡ್ಡವರಲ್ಲಿ ಅರ್ಧರ್ಧ.

ನೋಂದಣಿ ಯಾರಿಗೆ ಕಡ್ಡಾಯ

ಬರೀ ಸರಕು ಮಾರುವವರಿಗೆ ವಾರ್ಷಿಕ ವಹಿವಾಟಿನ ಮಿತಿ 40 ಲಕ್ಷ ರೂಪಾಯಿ. ಇದು 2019ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಸೇವೆ ಒದಗಿಸುವವರಿಗೆ 20 ಲಕ್ಷ. 40 ಲಕ್ಷದ ಮಿತಿಯನ್ನು ಕರ್ನಾಟಕ ಒಪ್ಪಿಕೊಂಡಿತು, ತೆಲಂಗಾಣ 20 ಲಕ್ಷದಲ್ಲೇ ಉಳಿಯಿತು. ಹಾಗಾಗಿ ಒಂದೇ ರೈಲು ಮಾರ್ಗದ ಮೇಲಿರುವ ಸೇಡಂ ಮತ್ತು ತಾಂಡೂರಿನ ಎರಡು ಅಂಗಡಿಗಳು ಒಂದೇ ಸರಕನ್ನು ಒಂದೇ ಪ್ರಮಾಣದಲ್ಲಿ ಮಾರಿದರೂ ಒಂದಕ್ಕೆ ನೋಂದಣಿ ಬೇಡ, ಇನ್ನೊಂದಕ್ಕೆ ಬೇಕು ಎನ್ನುವ ಸ್ಥಿತಿ ಬರಬಹುದು.

ಆದರೆ ಕಾಯ್ದೆಯ 24ನೇ ಕಲಮು ಈ ಮಿತಿಯನ್ನು ಕೆಲವರಿಗೆ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ತೆರಿಗೆಯುಳ್ಳ ಸರಕನ್ನು ಹೊರರಾಜ್ಯಕ್ಕೆ ಮಾರುವವರು ಎಷ್ಟೇ ಸಣ್ಣವರಾದರೂ ನೋಂದಾಯಿಸಿಕೊಳ್ಳಬೇಕು. ವರ್ಷಕ್ಕೆ 10 ಲಕ್ಷ ರೂಪಾಯಿ ವಹಿವಾಟಿನ ಫರ್ಸಿ ವ್ಯಾಪಾರಿ ಕಲಬುರಗಿಯ ಮನೆಗಳಿಗಷ್ಟೇ ಮಾರಿದರೆ ನೋಂದಣಿಯಿಂದ ಹೊರಗೆ. ಒಂದು ಲಾರಿ ಕಲ್ಲನ್ನು ತಾಂಡೂರಿಗೋ ಸೊಲ್ಲಾಪುರಕ್ಕೋ ಬಿಲ್ ಮಾಡಿ ಕಳಿಸಿದರೆ ಒಳಗೆ. ಸೇವೆಗಳಿಗೆ ಈ ಬಿಗಿ ಇಲ್ಲ: 20 ಲಕ್ಷದೊಳಗಿನ ಸೇವಾದಾರ ಗಡಿಯಾಚೆ ಕೆಲಸ ಮಾಡಿದರೂ ನೋಂದಣಿ ಕಡ್ಡಾಯವಲ್ಲ.

ಇನ್ನೊಂದು ಕಡೆ, 23ನೇ ಕಲಮಿನಂತೆ ತನ್ನ ಹೊಲದ ಬೆಳೆ ಮಾರುವ ರೈತನಿಗೂ, ಬರೀ ತೆರಿಗೆ ಇಲ್ಲದ ಸರಕು ಮಾರುವವನಿಗೂ ನೋಂದಣಿ ಬೇಕಿಲ್ಲ. ಇಲ್ಲೊಂದು ಎಚ್ಚರ ಅಗತ್ಯ. ಮಿತಿಯನ್ನು ಎಣಿಸುವಾಗ ತೆರಿಗೆ ಇಲ್ಲದ ಸರಕಿನ ಮಾರಾಟವೂ ಲೆಕ್ಕಕ್ಕೆ ಸೇರುತ್ತದೆ. 35 ಲಕ್ಷದ ಬಿಡಿ ತೊಗರಿಬೇಳೆಯ ಜೊತೆ 6 ಲಕ್ಷದ ಸಾಬೂನು, ಬಿಸ್ಕತ್ತು ಮಾರುವ ಕಿರಾಣಿ ಅಂಗಡಿ 40 ಲಕ್ಷ ದಾಟಿದಂತೆ.

ಈ ಅಂಶ ರಾಜ್ಯದಾದ್ಯಂತ ಚರ್ಚೆಗೆ ಬಂದದ್ದು 2025ರ ಜುಲೈನಲ್ಲಿ. 2021–22ರಿಂದ 2024–25ರವರೆಗಿನ ಯುಪಿಐ ಪಾವತಿಗಳ ಮಾಹಿತಿ ಆಧರಿಸಿ ವಾಣಿಜ್ಯ ತೆರಿಗೆಗಳ ಇಲಾಖೆ ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿತು. ಹಾಲು, ತರಕಾರಿ ಮಾರುವವರೂ ಅದರಲ್ಲಿದ್ದರು, ಬೆಂಗಳೂರಿನಲ್ಲಿ ಪ್ರತಿಭಟನೆಯಾಯಿತು. ಜುಲೈ 23ರಂದು ವ್ಯಾಪಾರಿ ಪ್ರತಿನಿಧಿಗಳ ಸಭೆ ನಡೆಸಿದ ಮುಖ್ಯಮಂತ್ರಿ ಸಿದ್ದರಾಮಯ್ಯ, ಹಳೆಯ ಬಾಕಿಗೆ ಒತ್ತಾಯಿಸುವುದಿಲ್ಲ, ಆದರೆ ನೋಂದಣಿಗೆ ಒಳಪಡುವವರು ಇನ್ನು ಮುಂದೆ ನೋಂದಾಯಿಸಿಕೊಳ್ಳಬೇಕು ಎಂದರು. ಪಾವತಿ ಯಾವ ದಾರಿಯಲ್ಲಿ ಬಂತು ಎಂಬುದರಿಂದ ತೆರಿಗೆ ಹುಟ್ಟುವುದಿಲ್ಲ. ಯುಪಿಐ ವಹಿವಾಟನ್ನು ಕಣ್ಣಿಗೆ ಕಾಣುವಂತೆ ಮಾಡಿತು, ಅಷ್ಟೆ.

ನೋಂದಣಿಯ ಕ್ರಮ

ಹೊಣೆ ಹುಟ್ಟಿದ 30 ದಿನಗಳೊಳಗೆ ಜಿಎಸ್‌ಟಿ ಪೋರ್ಟಲ್‌ನಲ್ಲಿ ಆರ್‌ಇಜಿ-01 ಅರ್ಜಿ ಹಾಕಬೇಕು. ಸರ್ಕಾರಿ ಶುಲ್ಕ ಇಲ್ಲ. ಊರಿನ ಆಡಿಟರ್ ಅಥವಾ ಟ್ಯಾಕ್ಸ್ ಪ್ರಾಕ್ಟೀಷನರ್ ತೆಗೆದುಕೊಳ್ಳುವುದು ಅವರ ಕೆಲಸದ ಸಂಭಾವನೆ. ಪ್ಯಾನ್, ಆಧಾರ್, ಭಾವಚಿತ್ರ, ವ್ಯಾಪಾರ ಸ್ಥಳದ ದಾಖಲೆ ಬೇಕು. ಪಾಲುದಾರಿಕೆಯಾದರೆ ಪಾಲುದಾರಿಕೆ ಪತ್ರವೂ ಬೇಕು. ಬ್ಯಾಂಕ್ ಖಾತೆಯ ವಿವರವನ್ನು ನೋಂದಣಿಯಾದ 30 ದಿನಗಳೊಳಗೆ, ಅದಕ್ಕೂ ಮೊದಲೇ ಜಿಎಸ್‌ಟಿಆರ್‌-1 ಸಲ್ಲಿಸುವುದಾದರೆ ಅದಕ್ಕೆ ಮುನ್ನ, ಕೊಡಬೇಕು.

ಹಳ್ಳಿ ಮತ್ತು ಸಣ್ಣ ಪಟ್ಟಣಗಳಲ್ಲಿ ಅರ್ಜಿ ತಡವರಿಸುವುದು ಹೆಚ್ಚಾಗಿ ಸ್ಥಳದ ದಾಖಲೆಯಲ್ಲಿ. ಸ್ವಂತ ಜಾಗವಾದರೆ ಆಸ್ತಿ ತೆರಿಗೆ ರಸೀದಿ, ಖಾತೆ ಅಥವಾ ವಿದ್ಯುತ್ ಬಿಲ್. ಬಾಡಿಗೆಯಾದರೆ ಕರಾರುಪತ್ರದ ಜೊತೆ ಮಾಲೀಕನ ದಾಖಲೆ. ಸಂಬಂಧಿಕರ ಜಾಗವಾದರೆ ಒಪ್ಪಿಗೆ ಪತ್ರ. ಗ್ರಾಮ ಪಂಚಾಯಿತಿ ವ್ಯಾಪ್ತಿಯ ಮಳಿಗೆಗೆ ಇ-ಸ್ವತ್ತು ದಾಖಲೆ ಇದ್ದರೆ ಕೆಲಸ ಸಲೀಸು. ಅಜ್ಜನ ಹೆಸರಿನಲ್ಲೇ ಉಳಿದ ಜಾಗ, ಬಾಯಿಮಾತಿನ ಬಾಡಿಗೆ, ಖಣಿಯ ಪಕ್ಕದ ಪಾಲಿಶ್ ಶೆಡ್ಡು ಇವೆಲ್ಲ ಪ್ರಶ್ನೆಗೆ ಎಡೆಮಾಡುತ್ತವೆ.

ಆಧಾರ್ ದೃಢೀಕರಣ ಆದ ಅರ್ಜಿಯನ್ನು ಅಧಿಕಾರಿ ಸಾಮಾನ್ಯವಾಗಿ 7 ಕೆಲಸದ ದಿನಗಳಲ್ಲಿ ಇತ್ಯರ್ಥ ಮಾಡಬೇಕು. ಅನುಮಾನವಿದ್ದರೆ ಆರ್‌ಇಜಿ-03 ನೋಟಿಸ್ ಬರುತ್ತದೆ. ಅರ್ಜಿದಾರ 7 ಕೆಲಸದ ದಿನಗಳೊಳಗೆ ಉತ್ತರಿಸಬೇಕು. ದೃಢೀಕರಣ ಆಗದಿದ್ದರೆ ಸ್ಥಳ ಪರಿಶೀಲನೆಯೂ ಸೇರಿ 30 ದಿನ ಹಿಡಿಯಬಹುದು. 2025ರ ನವೆಂಬರ್ 1ರಿಂದ ಒಂದು ಸರಳ ದಾರಿಯೂ ತೆರೆದಿದೆ. ನೋಂದಾಯಿತ ಖರೀದಿದಾರರಿಗೆ ಮಾಡುವ ಮಾರಾಟದ ತೆರಿಗೆ ತಿಂಗಳಿಗೆ 2.5 ಲಕ್ಷ ರೂಪಾಯಿ ಮೀರದವರು ಅದನ್ನು ಆರಿಸಿಕೊಂಡರೆ 3 ಕೆಲಸದ ದಿನಗಳಲ್ಲಿ ನೋಂದಣಿ ಸಿಗುತ್ತದೆ.

ದೊರೆಯುವ ಜಿಎಸ್‌ಟಿಐಎನ್ 15 ಅಕ್ಷರಗಳದು. ಮೊದಲ ಎರಡು ಅಂಕಿ ರಾಜ್ಯ ಸಂಕೇತ, ಕರ್ನಾಟಕಕ್ಕೆ 29. ಮುಂದಿನ ಹತ್ತು ಪ್ಯಾನ್. ಹದಿಮೂರನೆಯದು ಅದೇ ಪ್ಯಾನ್‌ನಲ್ಲಿ ರಾಜ್ಯದೊಳಗಿನ ಎಷ್ಟನೇ ನೋಂದಣಿ ಎಂಬುದು. ಕೊನೆಯದು ತಾಳೆ ನೋಡುವ ಅಕ್ಷರ. ಸಂಖ್ಯೆಯನ್ನು ಅಂಗಡಿಯ ಫಲಕದ ಮೇಲೆ ಬರೆಸಬೇಕು, ಪ್ರಮಾಣಪತ್ರವನ್ನು ಕಾಣುವಂತೆ ತೂಗುಹಾಕಬೇಕು. ತಾಂಡೂರಿನಲ್ಲಿ ಇನ್ನೊಂದು ಡಿಪೋ ತೆರೆಯುವ ಸೇಡಂನ ವ್ಯಾಪಾರಿ ತೆಲಂಗಾಣದಲ್ಲಿ ಬೇರೆಯೇ ನೋಂದಣಿ ಪಡೆಯಬೇಕು. ವೃತ್ತಿ ತೆರಿಗೆ ಇದರಿಂದ ಪ್ರತ್ಯೇಕ. ಅದು 1976ರ ರಾಜ್ಯ ಕಾಯ್ದೆಯಡಿ ಬರುತ್ತದೆ.

ರಾಜಿ ತೆರಿಗೆ

ಬಿಲ್ಲಿಗೆ ಬಿಲ್ ಲೆಕ್ಕ ಇಡುವುದು ಕಷ್ಟವೆನ್ನುವ ಸಣ್ಣವರಿಗೆ ರಾಜಿ ತೆರಿಗೆ ಪದ್ಧತಿ ಇದೆ. ವಹಿವಾಟು 1.5 ಕೋಟಿ ರೂಪಾಯಿವರೆಗೆ ಇರುವ ವ್ಯಾಪಾರಿ ಮತ್ತು ತಯಾರಕರು ಶೇ 1, ಖಾನಾವಳಿಯವರು ಶೇ 5 ತೆರಿಗೆಯನ್ನು ಕೈಯಿಂದ ಕಟ್ಟಿದರೆ ಸಾಕು. 50 ಲಕ್ಷದೊಳಗಿನ ಸೇವಾದಾರರಿಗೆ ಶೇ 6. ತ್ರೈಮಾಸಿಕ ಮುಗಿದ ಮುಂದಿನ ತಿಂಗಳ 18ರೊಳಗೆ ಸಿಎಂಪಿ-08, ವರ್ಷಕ್ಕೊಮ್ಮೆ ಜೂನ್ 30ರೊಳಗೆ ಜಿಎಸ್‌ಟಿಆರ್‌-4. ಇವರು ಗ್ರಾಹಕನಿಂದ ತೆರಿಗೆ ಎಂದು ಬೇರೆ ವಸೂಲು ಮಾಡುವಂತಿಲ್ಲ. ಖರೀದಿಯ ತೆರಿಗೆ ಇವರಿಗೆ ಮರಳುವುದಿಲ್ಲ.

ಈ ಪದ್ಧತಿಗೂ ಗಡಿಯೇ ಎಲ್ಲೆ. ರಾಜಿ ತೆರಿಗೆಯವರು ತೆಲಂಗಾಣದಿಂದ ಸರಕು ತರಿಸಬಹುದು, ಅಲ್ಲಿಗೆ ಮಾರುವಂತಿಲ್ಲ. 2022ರ ಏಪ್ರಿಲ್ 1ರಿಂದ ಇಟ್ಟಿಗೆ ತಯಾರಕರನ್ನು ಇದರಿಂದ ಹೊರಗಿಡಲಾಗಿದೆ. ನೋಂದಾಯಿತ ಗುತ್ತಿಗೆದಾರರಿಗೆ ಸರಕು ಕೊಡುವ ಅಂಗಡಿಗೂ ಇದು ಒಗ್ಗುವುದಿಲ್ಲ, ಏಕೆಂದರೆ ಇಲ್ಲಿ ಕೊಂಡವನಿಗೆ ತೆರಿಗೆ ಜಮೆ, ಅಂದರೆ ಖರೀದಿಯ ತೆರಿಗೆಯನ್ನು ತನ್ನ ತೆರಿಗೆಯಲ್ಲಿ ಕಳೆದುಕೊಳ್ಳುವ ಅವಕಾಶ, ಸಿಗುವುದಿಲ್ಲ.

ರಿಟರ್ನ್

ಸಾಮಾನ್ಯ ಪದ್ಧತಿಯ ವ್ಯಾಪಾರಿ ಸಲ್ಲಿಸಬೇಕಾದ ರಿಟರ್ನ್‌ಗಳು ಮುಖ್ಯವಾಗಿ ಎರಡು. ಮಾರಾಟದ ಬಿಲ್ಲುಗಳ ವಿವರ ಜಿಎಸ್‌ಟಿಆರ್‌-1ರಲ್ಲಿ, ಮುಂದಿನ ತಿಂಗಳ 11ರೊಳಗೆ. ತೆರಿಗೆ, ಜಮೆ, ಪಾವತಿಯ ಸಾರಾಂಶ ಜಿಎಸ್‌ಟಿಆರ್‌-3ಬಿಯಲ್ಲಿ, 20ರೊಳಗೆ. ನಡುವೆ 14ರಂದು ಪೋರ್ಟಲ್ ತಾನೇ ಜಿಎಸ್‌ಟಿಆರ್‌-2ಬಿ ಪಟ್ಟಿ ಸಿದ್ಧಪಡಿಸುತ್ತದೆ. ನಮಗೆ ಸರಕು ಮಾರಿದವರು ತಮ್ಮ ರಿಟರ್ನ್‌ನಲ್ಲಿ ತೋರಿಸಿದ ತೆರಿಗೆ ಅದರಲ್ಲಿ ಬರುತ್ತದೆ. ಪಕ್ಕಾ ಬಿಲ್ ಕೈಯಲ್ಲಿದ್ದರೂ ಮಾರಿದವನು ಅದನ್ನು ತೋರಿಸದಿದ್ದರೆ ಜಮೆ ಸಿಗದು. ಹೀಗಾಗಿ ವಾಡಿಯ ಬಿಡಿಭಾಗದ ಅಂಗಡಿಯವನ ತೆರಿಗೆ ಹೈದರಾಬಾದಿನ ಸಗಟು ವ್ಯಾಪಾರಿಯ ಶಿಸ್ತನ್ನೂ ಅವಲಂಬಿಸಿದೆ.

5 ಕೋಟಿ ರೂಪಾಯಿವರೆಗಿನ ವಹಿವಾಟಿನವರು 2021ರ ಜನವರಿ 1ರಿಂದ ತ್ರೈಮಾಸಿಕ ರಿಟರ್ನ್ ಆಯ್ದುಕೊಳ್ಳಬಹುದು. ಆಗ ಜಿಎಸ್‌ಟಿಆರ್‌-1 ತ್ರೈಮಾಸಿಕದ ನಂತರದ 13ಕ್ಕೆ, 3ಬಿ ಕರ್ನಾಟಕದಲ್ಲಿ 22ಕ್ಕೆ. ಮೊದಲ ಎರಡು ತಿಂಗಳ ತೆರಿಗೆಯನ್ನು ಮಾತ್ರ ಮುಂದಿನ ತಿಂಗಳ 25ರೊಳಗೆ ಕಟ್ಟಬೇಕು. ಹಿಂದಿನ ತ್ರೈಮಾಸಿಕದಲ್ಲಿ ನಗದಾಗಿ ಕಟ್ಟಿದ್ದರ ಶೇ 35ರಷ್ಟನ್ನು ಕಟ್ಟುವ ಸುಲಭ ಲೆಕ್ಕವೂ ಉಂಟು. 2025ರ ಜುಲೈ ತಿಂಗಳ ರಿಟರ್ನ್‌ನಿಂದ 3ಬಿಯಲ್ಲಿ ಮಾರಾಟದ ತೆರಿಗೆಯನ್ನು ಕೈಯಾರೆ ತಿದ್ದಲಾಗದು. ತಪ್ಪಿದ್ದರೆ 3ಬಿಗೆ ಮುನ್ನ ಜಿಎಸ್‌ಟಿಆರ್‌-1ಎ ಮೂಲಕ ಸರಿಪಡಿಸಬೇಕು. ವಾರ್ಷಿಕ ರಿಟರ್ನ್ ಜಿಎಸ್‌ಟಿಆರ್‌-9ಕ್ಕೆ ಡಿಸೆಂಬರ್ 31 ಕೊನೆಯ ದಿನ; 2 ಕೋಟಿ ರೂಪಾಯಿವರೆಗಿನವರಿಗೆ ಅದರಿಂದ ವಿನಾಯಿತಿ ಕೊಡುತ್ತ ಬರಲಾಗಿದೆ.

ವ್ಯಾಪಾರವೇ ಆಗದ ತಿಂಗಳಲ್ಲೂ ಶೂನ್ಯ ರಿಟರ್ನ್ ಕೊಡಬೇಕು, ಮೊಬೈಲ್ ಸಂದೇಶದಿಂದಲೂ ಕೊಡಬಹುದು. ಮಳೆಗಾಲದಲ್ಲಿ ಖಣಿಯಲ್ಲಿ ನೀರು ನಿಂತು ಕೆಲಸ ನಿಂತರೂ ರಿಟರ್ನ್‌ಗೆ ಬಿಡುವಿಲ್ಲ.

ರಸ್ತೆ, ಕಟ್ಟಡದ ಸರ್ಕಾರಿ ಕಾಮಗಾರಿ ಮಾಡುವ ಗುತ್ತಿಗೆದಾರರಿಗೆ ಇನ್ನೊಂದು ಲೆಕ್ಕವಿದೆ. 2018ರ ಅಕ್ಟೋಬರ್ 1ರಿಂದ 2.5 ಲಕ್ಷ ರೂಪಾಯಿ ಮೀರಿದ ಗುತ್ತಿಗೆಗಳಲ್ಲಿ ಸರ್ಕಾರಿ ಕಚೇರಿಗಳು ಶೇ 2ರಷ್ಟನ್ನು ಮೂಲದಲ್ಲೇ ಹಿಡಿದು ಜಿಎಸ್‌ಟಿಆರ್‌-7ರಲ್ಲಿ ತೋರಿಸುತ್ತವೆ. ಗುತ್ತಿಗೆದಾರ ಪೋರ್ಟಲ್‌ನಲ್ಲಿ ಅದನ್ನು ಒಪ್ಪಿಕೊಂಡ ಮೇಲಷ್ಟೇ ಹಣ ಅವನ ನಗದು ಖಾತೆಗೆ ಬರುತ್ತದೆ.

ಮೂರು ಸರಕು, ಮೂರು ಲೆಕ್ಕ

ಫರ್ಸಿ: ಕಟ್ಟಡಕ್ಕೆ ಬಳಸುವ ಸುಣ್ಣಕಲ್ಲನ್ನು ಒರಟಾಗಿ ಕೆತ್ತಿ ಅಥವಾ ಚೌಕವಾಗಿ ಕೊಯ್ದು ಮಾರಿದರೆ ಅದು ತೆರಿಗೆ ಪಟ್ಟಿಯ 2515ನೇ ಶೀರ್ಷಿಕೆಗೆ ಬಂದು ಶೇ 5ರ ದರ ಪಡೆಯುತ್ತದೆ. ಅದಕ್ಕಿಂತ ಮುಂದೆ ಹೋಗಿ ಸಂಸ್ಕರಿಸಿದ ಕಲ್ಲು 6802ಕ್ಕೆ ಸೇರಿದರೆ ದರ ಹೆಚ್ಚು. ಹೊಳಪು ಎಷ್ಟಾದರೆ ಸಂಸ್ಕರಣೆ ಎಂಬುದು ಪಾಲಿಶ್ ಘಟಕಗಳ ನಿತ್ಯದ ಪ್ರಶ್ನೆ. ಗಣಿ ಗುತ್ತಿಗೆಗೆ ಸರ್ಕಾರಕ್ಕೆ ಕೊಡುವ ರಾಯಧನದ ಮೇಲಿನ ತೆರಿಗೆಯನ್ನು ನೋಂದಾಯಿತ ಗುತ್ತಿಗೆದಾರ ಹಿಮ್ಮುಖವಾಗಿ, ಅಂದರೆ ಸೇವೆ ಪಡೆದವನಾಗಿ ತಾನೇ ಕಟ್ಟಬೇಕು. ದರ ಶೇ 18. ರಾಯಧನವು ತೆರಿಗೆಯಲ್ಲ ಎಂದು ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳ ಪೀಠ 2024ರ ಜುಲೈ 25ರಂದು ಬಹುಮತದಿಂದ ತೀರ್ಪಿತ್ತಿದೆ.

ಸಿಮೆಂಟ್: 2017ರಿಂದ ಶೇ 28 ಇದ್ದ ದರ 2025ರ ಸೆಪ್ಟೆಂಬರ್ 22ರಿಂದ ಶೇ 18ಕ್ಕೆ ಇಳಿಯಿತು. ಅಂಗಡಿಯವನು ಮಾರಲು ಕೊಂಡ ಸಿಮೆಂಟಿನ ತೆರಿಗೆ ಜಮೆಯಾಗುತ್ತದೆ. ಅದೇ ಸಿಮೆಂಟಿನಿಂದ ತನ್ನ ಗೋದಾಮು ಕಟ್ಟಿಕೊಂಡರೆ 17ನೇ ಕಲಮು ಜಮೆಯನ್ನು ತಡೆಯುತ್ತದೆ.

ತೊಗರಿ: ಕಲಬುರಗಿ ತೊಗರಿಗೆ 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಿದೆ. ಬಿಡಿಯಾಗಿ ತೂಗಿ ಕೊಡುವ ಬೇಳೆಗೆ ತೆರಿಗೆ ಇಲ್ಲ. 25 ಕಿಲೋವರೆಗಿನ ಪ್ಯಾಕೆಟ್ ಕಟ್ಟಿ ಲೇಬಲ್ ಹಚ್ಚಿದರೆ 2022ರ ಜುಲೈ 18ರಿಂದ ಶೇ 5. ಅದಕ್ಕೂ ಮೊದಲು ನೋಂದಾಯಿತ ಬ್ರ್ಯಾಂಡ್ ಇದೆಯೇ ಎಂಬುದು ಅಳತೆಗೋಲಾಗಿತ್ತು. ದಾಲ್‌ಮಿಲ್‌ನ ಹೊಟ್ಟು, ಚುನ್ನಿಯನ್ನು 2023ರ ಜನವರಿ 1ರಿಂದ ತೆರಿಗೆಯಿಂದ ಬಿಡಲಾಗಿದೆ.

ಸಾಗಣೆ

50,000 ರೂಪಾಯಿ ಮೀರಿದ ಸರಕು ಹೊರಡುವ ಮುನ್ನ ಇ-ವೇ ಬಿಲ್ ಪಡೆಯಬೇಕು. ಇ-ಸುಗಮ್‌ನ ಅನುಭವವಿದ್ದ ಕರ್ನಾಟಕ 2017ರ ಸೆಪ್ಟೆಂಬರ್‌ನಲ್ಲೇ ಇದನ್ನು ಪ್ರಾಯೋಗಿಕವಾಗಿ ನಡೆಸಿತು. 2018ರ ಏಪ್ರಿಲ್ 1ರಂದು ಅಂತರರಾಜ್ಯ ವ್ಯವಸ್ಥೆ ದೇಶದಾದ್ಯಂತ ಶುರುವಾದಾಗ ರಾಜ್ಯದೊಳಗಿನ ಸಾಗಣೆಗೂ ಅಂದೇ ಜಾರಿ ಮಾಡಿದ್ದು ಕರ್ನಾಟಕ ಮಾತ್ರ. ಸಾಮಾನ್ಯ ಸರಕಿಗೆ 200 ಕಿಲೋಮೀಟರಿಗೆ ಒಂದು ದಿನದಂತೆ ಅವಧಿ.

ಲಾರಿ ಬಾಡಿಗೆಯ ಮೇಲಿನ ತೆರಿಗೆ ನಿಂತಿರುವುದು ಬಿಲ್ಟಿಯ, ಅಂದರೆ ಸರಕು ಸಾಗಣೆ ರಸೀದಿಯ ಮೇಲೆ. ಬಿಲ್ಟಿ ಕೊಡುವ ಟ್ರಾನ್ಸ್‌ಪೋರ್ಟ್ ಏಜೆನ್ಸಿ ತಾನೇ ತೆರಿಗೆ ಕಟ್ಟುವ ಆಯ್ಕೆ ಮಾಡದಿದ್ದರೆ, ಬಾಡಿಗೆ ಕೊಡುವ ನೋಂದಾಯಿತ ವ್ಯಾಪಾರಿ ಶೇ 5ನ್ನು ಹಿಮ್ಮುಖವಾಗಿ ಕಟ್ಟುತ್ತಾನೆ. ಬಿಲ್ಟಿಯಿಲ್ಲದೆ ಸ್ವಂತ ಲಾರಿಯಲ್ಲಿ ಬಾಡಿಗೆ ಹೊಡೆಯುವವನು ಏಜೆನ್ಸಿ ಎನಿಸುವುದಿಲ್ಲ; ಆ ಬಾಡಿಗೆಗೆ ತೆರಿಗೆ ಇಲ್ಲ.

ತಪ್ಪಿದರೆ

ತಡವಾದ ರಿಟರ್ನ್‌ಗೆ ದಿನಕ್ಕೆ 50 ರೂಪಾಯಿ, ಶೂನ್ಯ ರಿಟರ್ನ್‌ಗೆ 20. 1.5 ಕೋಟಿವರೆಗಿನ ವಹಿವಾಟಿಗೆ ಒಂದು ರಿಟರ್ನ್‌ನ ಗರಿಷ್ಠ ವಿಳಂಬ ಶುಲ್ಕ 2,000 ರೂಪಾಯಿ. ಬಾಕಿ ತೆರಿಗೆಗೆ ವರ್ಷಕ್ಕೆ ಶೇ 18 ಬಡ್ಡಿ. ನೋಂದಣಿ ಕಡ್ಡಾಯವಿದ್ದೂ ಪಡೆಯದವರಿಗೆ 10,000 ರೂಪಾಯಿ ಅಥವಾ ತಪ್ಪಿಸಿದ ತೆರಿಗೆಯಷ್ಟು, ಯಾವುದು ಹೆಚ್ಚೋ ಅಷ್ಟು ದಂಡ. ಸತತ ಆರು ತಿಂಗಳು ರಿಟರ್ನ್ ನಿಂತರೆ ನೋಂದಣಿ ರದ್ದಾಗಬಹುದು. ಮರಳಿ ಪಡೆಯಲು 90 ದಿನಗಳೊಳಗೆ ಅರ್ಜಿ ಹಾಕಬೇಕು. ಅಂಗಡಿ ಮುಚ್ಚಿದವರು ಮೂರು ತಿಂಗಳೊಳಗೆ ಅಂತಿಮ ರಿಟರ್ನ್ ಜಿಎಸ್‌ಟಿಆರ್‌-10 ಕೊಡಬೇಕು.

ಅಧಿಕಾರಿಯ ಆದೇಶ ಒಪ್ಪದವರು ಮೂರು ತಿಂಗಳೊಳಗೆ, ವಿವಾದಿತ ತೆರಿಗೆಯ ಶೇ 10ರಷ್ಟು ಕಟ್ಟಿ ಮೊದಲ ಮೇಲ್ಮನವಿ ಹಾಕಬಹುದು. ಅದರ ಮೇಲೆ 2025ರ ಸೆಪ್ಟೆಂಬರ್‌ನಲ್ಲಿ ಚಾಲನೆ ಪಡೆದ ಜಿಎಸ್‌ಟಿ ಮೇಲ್ಮನವಿ ನ್ಯಾಯಮಂಡಳಿ, ಆಮೇಲೆ ಹೈಕೋರ್ಟ್. 2008ರಲ್ಲಿ ಸಂಚಾರಿ ಪೀಠವಾಗಿ ಬಂದು 2013ರಲ್ಲಿ ಕಾಯಂ ಆದ ಹೈಕೋರ್ಟಿನ ಕಲಬುರಗಿ ಪೀಠದಿಂದಾಗಿ ಈ ಭಾಗದ ವ್ಯಾಪಾರಿಗಳಿಗೆ ಬೆಂಗಳೂರಿನ ಓಡಾಟ ತಪ್ಪಿದೆ.

ಜಿಎಸ್‌ಟಿಯ ಹೊರಗೆ ಉಳಿದದ್ದು

ಪೆಟ್ರೋಲ್, ಡೀಸೆಲ್ ಮತ್ತು ಮದ್ಯ ಇನ್ನೂ ಹಳೆಯ ವ್ಯವಸ್ಥೆಯಲ್ಲಿವೆ. 1957ರ ಮಾರಾಟ ತೆರಿಗೆ ಕಾಯ್ದೆ ಇಂದಿಗೂ ಜೀವಂತವಾಗಿರುವುದು ಬಂಕ್‌ಗಳಿಂದ: 2024ರ ಜೂನ್‌ನಲ್ಲಿ ಪೆಟ್ರೋಲ್ ತೆರಿಗೆ ಶೇ 29.84ಕ್ಕೆ ಏರಿತು, ಡೀಸೆಲ್‌ನದು 2025ರ ಏಪ್ರಿಲ್ 1ರಿಂದ ಶೇ 21.17. ಒಂದೇ ಬಂಕಿನಲ್ಲಿ ಮಾರುವ ಎಂಜಿನ್ ಆಯಿಲ್ ಜಿಎಸ್‌ಟಿಗೆ ಒಳಪಡುತ್ತದೆ. ಲಾರಿಗೆ ಹಾಕಿದ ಡೀಸೆಲ್‌ನ ತೆರಿಗೆ ಯಾರಿಗೂ ಜಮೆಯಾಗದೆ ಸಾಗಣೆಯ ವೆಚ್ಚದಲ್ಲೇ ಉಳಿದು, ಕಲ್ಲು ಮತ್ತು ಸಿಮೆಂಟಿನ ಬೆಲೆಗೆ ಸೇರುತ್ತದೆ.

ತೆರಿಗೆಯ ಪಾಲು

ಕೇಂದ್ರ ಮಾರಾಟ ತೆರಿಗೆಯ ಕಾಲದಲ್ಲಿ ಸರಕು ಹೊರಟ ರಾಜ್ಯಕ್ಕೆ ಹಣ ಸೇರುತ್ತಿತ್ತು. ಜಿಎಸ್‌ಟಿಯಲ್ಲಿ ಅದು ಸರಕು ಬಳಕೆಯಾದ ರಾಜ್ಯದ ಪಾಲು. ವಾಡಿಯ ಸಿಮೆಂಟ್ ಪುಣೆಯ ಮನೆಗೆ, ಶಹಾಬಾದದ ಫರ್ಸಿ ಮುಂಬೈನ ಅಂಗಳಕ್ಕೆ ಹೋದರೆ ರಾಜ್ಯ ಪಾಲಿನ ತೆರಿಗೆ ಮಹಾರಾಷ್ಟ್ರದ್ದು. ಗಣಿಯಿರುವ ನೆಲದ ಲೆಕ್ಕಕ್ಕೆ ಬರುವುದು ಬೇರೆ ಎರಡು ಬಾಬುಗಳು: ರಾಜ್ಯಕ್ಕೆ ಸಲ್ಲುವ ರಾಯಧನ ಮತ್ತು 2015ರ ಗಣಿ ಕಾಯ್ದೆ ತಿದ್ದುಪಡಿಯಿಂದ ರೂಪುಗೊಂಡ ಜಿಲ್ಲಾ ಖನಿಜ ಪ್ರತಿಷ್ಠಾನಕ್ಕೆ ಗಣಿಯವರು ಕೊಡುವ ವಂತಿಗೆ. ಖಣಿಯಿಂದ ಎಷ್ಟು ಕಲ್ಲು ಎದ್ದಿತು ಎಂಬುದನ್ನು ರಾಯಧನದ ಪರವಾನಗಿಯೂ, ಅದು ಎಲ್ಲಿಗೆ ಹೋಯಿತು ಎಂಬುದನ್ನು ಇ-ವೇ ಬಿಲ್ಲು ಮತ್ತು ರಿಟರ್ನ್‌ಗಳೂ ಹೇಳುತ್ತವೆ. ಈ ಎರಡೂ ಲೆಕ್ಕ ತಾಳೆಯಾಗಬೇಕಾದ್ದರಿಂದ ಇಲ್ಲಿನ ವ್ಯಾಪಾರಿ ತನ್ನ ಪುಸ್ತಕ, ಬಿಲ್ಲು, ಪರವಾನಗಿಗಳನ್ನು ವಾರ್ಷಿಕ ರಿಟರ್ನ್‌ನ ಕೊನೆಯ ದಿನದಿಂದ 72 ತಿಂಗಳು ಕಾಪಾಡಿಡಬೇಕಾಗುತ್ತದೆ. ವ್ಯಾಜ್ಯವಿದ್ದರೆ ಅದು ಮುಗಿದು ಒಂದು ವರ್ಷದವರೆಗೂ.